ಮರು: ‘ರೈಟಿಯಸ್’ ಪದಕ್ಕೆ ಕನ್ನಡ ಬೇಕು, ಶುಕ್ರವಾರದೊಳಗೆ

ಮೇಡಂ, ಪ್ರದರ್ಶನದ ಬೋರ್ಡಿಗೆ ‘ರೈಟಿಯಸ್ ಅಮಂಗ್ ದ ನೇಷನ್ಸ್’ ಅನ್ನೋ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯೋದು ಅಂತ ನೀವು ಕೇಳಿ ಮೂರು ದಿನ ಆಯ್ತು. 17 ಉತ್ತರ ಬಂದಿವೆ, ಬೋರ್ಡಿಗೆ ಹಾಕುವಂಥ ಪದ ಇನ್ನೂ ಸಿಕ್ಕಿಲ್ಲ. ಮೈಸೂರಿನ ನಿಮ್ಮ ಶಾಲೆಯ ಪ್ರದರ್ಶನ ಶನಿವಾರ ಅಂದಿದ್ದೀರಿ. ಅದಕ್ಕೇ ಮಂಡ್ಯದಿಂದ ನನ್ನದೂ ಒಂದು. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಒಂದು ತಪ್ಪು ತಿದ್ದಬೇಕು. ರೈಟಿಯಸ್ ಲ್ಯಾಟಿನ್ ಪದ, ಹಾಗಾಗಿ ಅದಕ್ಕೆ ಸಂಸ್ಕೃತವೇ ಸರಿಜೋಡಿ ಎಂದು ಒಬ್ಬರು ಬರೆದಿದ್ದಾರೆ. ಅಲ್ಲ. ಅದು ಇಂಗ್ಲಿಷಿನ ಮನೆಮಾತೇ. ಹಳೆಯ ಇಂಗ್ಲಿಷಿನಲ್ಲಿ ‘ರಿಹ್ಟ್‌ವೀಸ್’ ಅಂತಿತ್ತು. ರಿಹ್ಟ್ ಅಂದರೆ ನೇರ, ಸರಿ. ವೀಸ್ ಅನ್ನೋದಕ್ಕೆ ಬಗೆ, ಜಾಣ ಎಂದು ಎರಡೂ ಅರ್ಥ ಹೇಳುತ್ತಾರೆ. 16ನೇ ಶತಮಾನದಲ್ಲಿ ‘ಕರ್ಟಿಯಸ್’ ಥರದ ಪದಗಳನ್ನು ನೋಡಿ ಇದಕ್ಕೂ ಅದೇ ಬಾಲ ಅಂಟಿಸಿದರು. ಬಾಲ ನೋಡಿ ಮೂಲ ಹೇಳೋದು ಬೇಡ.

ಇನ್ನು ನಿಮ್ಮ ಬೋರ್ಡಿನ ‘ರೈಟಿಯಸ್ ಅಮಂಗ್ ದ ನೇಷನ್ಸ್’. ನಾಜಿಗಳು ಕೊಂದ ಯಹೂದಿಗಳ ನೆನಪಿಗಾಗಿ ಇರುವ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ 1963ರಿಂದ ಒಂದು ಸಮಿತಿ ಮಾಡಿ ಕೊಡುತ್ತಿರುವ ಗೌರವದ ಹೆಸರು ಅದು. ನಾಜಿಗಳ ಕಾಲದಲ್ಲಿ ಯಹೂದಿಗಳನ್ನು ಉಳಿಸಿದ, ತಾವು ಯಹೂದಿಗಳಲ್ಲದ ಜನಕ್ಕೆ ಸಲ್ಲುತ್ತೆ. ಇಲ್ಲಿಯವರೆಗೆ 28,000ಕ್ಕೂ ಹೆಚ್ಚು ಜನರಿಗೆ ಸಂದಿದೆ. ಎರಡು ಷರತ್ತು ಮುಖ್ಯ. ಉಳಿಸಿದವರು ತಮ್ಮ ಜೀವವನ್ನೇ ಪಣಕ್ಕೆ ಇಟ್ಟಿರಬೇಕು. ಅದಕ್ಕೆ ದುಡ್ಡು ಕೇಳಿರಬಾರದು. ಈ ಎರಡನೆಯದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಹೀಬ್ರೂ ಮೂಲದಲ್ಲಿ ಇವರನ್ನು ‘ಹಸಿದ್’ ಅನ್ನುತ್ತಾರೆ, ಅದು ‘ಹೆಸೆದ್’ ಅಂದರೆ ಕರುಣೆ, ಒಲವು ಅನ್ನೋ ಪದದಿಂದ ಬಂದದ್ದು. ಕಾನೂನು, ನ್ಯಾಯದ ಕಡೆಯ ಪದ ಅಲ್ಲ. ಇಂಗ್ಲಿಷಿಗೆ ಬರುವಾಗ ಅದು ಸ್ವಲ್ಪ ಬಿಗಿಯಾಯಿತು. ನಾವು ಆ ಬಿಗಿಯನ್ನೇ ಕನ್ನಡಕ್ಕೆ ತರಬೇಕಾ?

ಇಲ್ಲಿ ಬಂದ ಸಲಹೆಗಳನ್ನು ನೋಡೋಣ. ‘ರಾಷ್ಟ್ರಗಳ ನಡುವೆ ನೀತಿವಂತರು’ ಆಗಲ್ಲ. ರಾಷ್ಟ್ರಗಳ ನಡುವೆ ಅಂದರೆ ಗಡಿಯಲ್ಲಿ ನಿಂತ ಹಾಗೆ ಕೇಳುತ್ತೆ. ನೀತಿವಂತ ಅನ್ನೋದು ಕನ್ನಡ ಬೈಬಲಿನಲ್ಲಿ ಈ ಪದಕ್ಕೆ ನೆಲೆ ನಿಂತಿದೆ, ಚರ್ಚಿಗೆ ಹೋಗುವವರಿಗೆ ಅದು ಜೀವಂತ ಪದ, ಒಪ್ಪುತ್ತೇನೆ. ಉಳಿದ ಮಕ್ಕಳಿಗೆ ಮಾತ್ರ ನೀತಿ ಅಂದ ತಕ್ಷಣ ನೀತಿಪಾಠ ನೆನಪಾಗುತ್ತೆ. ಸಜ್ಜನ? ಖಂಡಿತ ಬೇಡ. ನಮ್ಮ ಕಡೆ ಸಜ್ಜನ ಅಂದರೆ ತಾನಾಯ್ತು ತನ್ನ ಪಾಡಾಯ್ತು ಅಂತ ಇರುವವನು. ಪಕ್ಕದ ಮನೆಯವರನ್ನು ಎಳೆದುಕೊಂಡು ಹೋಗುತ್ತಿದ್ದಾಗ ಕಿಟಕಿ ಮುಚ್ಚಿಕೊಂಡವರೂ ಆ ಅರ್ಥದಲ್ಲಿ ಸಜ್ಜನರೇ. ಪೋಲೆಂಡಿನ ವಾರ್ಸಾದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದೊಳಗೆ ಹೋಗಿ ಮಕ್ಕಳನ್ನು ಕದ್ದು ಹೊರಗೆ ತಂದು, ಅವರ ಹೆಸರನ್ನು ಚೀಟಿಯಲ್ಲಿ ಬರೆದು ಗಾಜಿನ ಜಾಡಿಯಲ್ಲಿ ಹೂತಿಟ್ಟ ಇರೇನಾ ಸೆಂಡ್ಲರ್ ಅವರಿಗೆ 1965ರಲ್ಲಿ ಈ ಗೌರವ ಬಂತು. ಅವರನ್ನು ಸಜ್ಜನೆ ಅಂದರೆ ಏನು ಹೇಳಿದ ಹಾಗಾಯ್ತು?

‘ಧರ್ಮಿಷ್ಠರು’ ಹತ್ತಿರ ಬರುತ್ತೆ. ಆದರೆ ಈಗ ಧರ್ಮ ಅಂದ ಕೂಡಲೇ ಯಾವ ಧರ್ಮ ಅಂತ ಕೇಳುತ್ತಾರೆ. ಪೂಜೆ ಪುನಸ್ಕಾರ ಜಾಸ್ತಿ ಮಾಡುವವರು ಅಂದುಕೊಳ್ಳುತ್ತಾರೆ. ನಮ್ಮ ಊರಿನ ಹಳೆಯ ಅರ್ಥ ಬೇರೆಯೇ ಇತ್ತು. ‘ಧರ್ಮಕ್ಕೆ ಕೊಟ್ಟ’ ಅಂದರೆ ಕಾಸು ತಗೊಳ್ಳದೆ ಕೊಟ್ಟ ಅಂತ.

ಅಚ್ಚಗನ್ನಡದ ಗೆಳೆಯರು ‘ಒಳ್ನಡೆಯವರು’ ಅಂದಿದ್ದಾರೆ. ಈ ಪದವನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ. ನಿಜವಾದ ಅಚ್ಚಗನ್ನಡ ಬೇಕು ಅಂದರೆ ಹಳಗನ್ನಡದಲ್ಲೇ ಇದೆಯಲ್ಲ, ‘ಅಱ’. ತಮಿಳಿನ ‘ಅಱಂ’ ಇದರ ಒಡಹುಟ್ಟು. ಧರ್ಮ, ಒಳ್ಳೆಯತನ, ದಾನ ಎಲ್ಲ ಅರ್ಥವೂ ಅದಕ್ಕಿದೆ. ಅದು ಸತ್ತಿದೆ ಅಂತೀರಾ? ಬೇಸಿಗೆಯಲ್ಲಿ ರಸ್ತೆ ಬದಿ ನೋಡಿ. ಮರದ ಕೆಳಗೆ ಮರಳಿನ ಮೇಲೆ ಮಣ್ಣಿನ ಮಡಕೆ, ಸುತ್ತ ಒದ್ದೆ ಬಟ್ಟೆ, ಮೇಲೆ ತಟ್ಟೆ, ತಟ್ಟೆಯ ಮೇಲೆ ಕವುಚಿದ ಸ್ಟೀಲ್ ಲೋಟ. ಅರವಟ್ಟಿಗೆ. ಆ ‘ಅರ’ ಇದೇ ‘ಅಱ’. ನೀರಡಿಸಿ ಬಂದವನ ಜಾತಿ ಕೇಳದೆ, ಕಾಸು ಕೇಳದೆ ಕೊಡುವ ನೀರು. ನಲವತ್ತು ವರ್ಷದಿಂದ ಈ ಪದದ ಮೇಲೆ ನನಗೆ ಪ್ರೀತಿ. ಆದರೂ ಒಂಟಿಯಾಗಿ ‘ಅಱ’ ಅಂತ ಬೋರ್ಡಿಗೆ ಹಾಕಿ ಅಂತ ಹೇಳಲ್ಲ. ಏಳನೇ ಕ್ಲಾಸಿನ ಹುಡುಗ ಆ ಅಕ್ಷರವನ್ನೇ ಓದಲಾರ.

ಹಾಗಾದರೆ ಏನು ಹಾಕೋದು? ಪುಣ್ಯಾತ್ಮ.

ನನಗೆ ಆಗ ಎಂಟು ವರ್ಷ. ವಿಶ್ವೇಶ್ವರಯ್ಯ ನಾಲೆಯ ಸೋಪಾನದ ಮೇಲೆ ಅಮ್ಮ ಬಟ್ಟೆ ಒಗೆಯುತ್ತಿದ್ದರು. ತೇಲಿ ಹೋಗುತ್ತಿದ್ದ ಸೋಪಿನ ಡಬ್ಬಿ ಹಿಡಿಯೋಕೆ ಹೋಗಿ ನಾನು ಜಾರಿದೆ. ನಾಲೆ ತುಂಬಿ ಹರಿಯುತ್ತಿತ್ತು. ಏರಿ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಸೈಕಲ್ ಹಾಗೇ ಬಿಸಾಕಿ ಹಾರಿದರು. ದಡಕ್ಕೆ ಎಳೆದು, ಬೋರಲು ಮಲಗಿಸಿ, ಬೆನ್ನು ಒತ್ತಿ ನೀರು ಕಕ್ಕಿಸಿದರು. ಆಮೇಲೆ ಪಂಚೆ ಹಿಂಡಿಕೊಂಡರು, ಚೆಲ್ಲಿದ ಹುಲ್ಲು ಬಾಚಿ ಕಟ್ಟಿದರು. ಅಮ್ಮ ಅಳು ನಿಲ್ಲಿಸಿ ಯಾವೂರಣ್ಣ ಅಂತ ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಮ್ಮನಿಗೆ ಈಗ 78. ಆ ದಿನದ ಮಾತು ಬಂದಾಗಲೆಲ್ಲ ‘ಯಾರೋ ಪುಣ್ಯಾತ್ಮ’ ಅಂತಲೇ ಶುರು ಮಾಡುತ್ತಾರೆ. ಒಂದು ದಿನವೂ ನೀತಿವಂತ ಅಂದಿಲ್ಲ, ಸಜ್ಜನ ಅಂದಿಲ್ಲ.

ಜೀವಕ್ಕೆ ಹೆದರದೆ, ಏನೂ ಕೇಳದೆ ಉಳಿಸಿದವರು. ಯಾದ್ ವಾಶೆಮ್ ಹುಡುಕುವುದೂ ಇಂಥವರನ್ನೇ ಅಲ್ವಾ?

ಎರಡು ಆಕ್ಷೇಪ ಬರುತ್ತೆ ಅಂತ ಗೊತ್ತು. ‘ಅಯ್ಯೋ ಪುಣ್ಯಾತ್ಮ, ಫೋನಾದರೂ ಎತ್ತೋ’ ಅಂತ ಬೇಸರಕ್ಕೂ ಬಳಸುತ್ತೇವೆ, ನಿಜ. ಅದು ಮಾತಿನ ಧಾಟಿಯಲ್ಲಿ ಇರೋದು. ಫೋಟೋದ ಕೆಳಗೆ ಅಚ್ಚಾದ ಪದವನ್ನು ಯಾರೂ ಹಾಗೆ ಓದಲ್ಲ. ಇನ್ನೊಂದು, ಪುಣ್ಯವೂ ಆತ್ಮವೂ ಸಂಸ್ಕೃತ, ತೆಗೆದುಹಾಕಿ ಅನ್ನೋದು. ತೆಗೆಯಲ್ಲ. ಅಮ್ಮನಿಗೆ ಸಹಿ ಮಾಡೋಕೆ ಬರಲ್ಲ, ಅವರು ಸಂಸ್ಕೃತ ಕಲಿತು ಆ ಪದ ಆಡಿದ್ದಲ್ಲ. ‘ನಿಯತ್ತು’ ಅರಬ್ಬಿಯಿಂದ ಬಂದದ್ದು, ಬೇಡ ಅಂತಲೂ ಒಬ್ಬರು ಬರೆದಿದ್ದಾರೆ. ‘ರೈತ’ ಕೂಡ ಅಲ್ಲಿಂದಲೇ ಬಂತು ಸ್ವಾಮಿ. ಮಂಡ್ಯದಲ್ಲಿ ನಿಂತು ಆ ಪದ ಬಿಡಿ ಅಂತ ಹೇಳಿ ನೋಡೋಣ. ನಿಯತ್ತು ಈ ಬೋರ್ಡಿಗೆ ಬೇಡ ಅನ್ನೋದು ಸರಿ, ಆದರೆ ಕಾರಣ ಅದಲ್ಲ. ನಿಯತ್ತು ಅಂದರೆ ಉಪ್ಪು ತಿಂದ ಮನೆಗೆ ಎರಡು ಬಗೆಯದೆ ಇರೋದು. ಇವರು ಉಳಿಸಿದ್ದು ಯಾವ ಋಣವೂ ಇಲ್ಲದವರನ್ನು.

‘ರೈಟಿಯಸ್’ ಗುಣವಾಚಕವೋ ನಾಮಪದವೋ ಅನ್ನುವ ಜಗಳ ಸುಮ್ನೆ ಬಿಡಿ, ಈ ಹೆಸರಿನಲ್ಲಿ ಅದು ನಾಮಪದವೇ. ಬೇರೆ ಕಡೆ ಜೊತೆಯ ಪದ ನೋಡಿ ಬದಲಿಸಿಕೊಳ್ಳಿ. ಸಿಟ್ಟಿನ ಜೊತೆ ಬಂದರೆ ‘ನ್ಯಾಯವಾದ ಸಿಟ್ಟು’. ‘ಸೆಲ್ಫ್ ರೈಟಿಯಸ್’ ಅಂದರೆ ತಾನೊಬ್ಬನೇ ಸತ್ಯಹರಿಶ್ಚಂದ್ರ ಅಂದುಕೊಂಡವನು.

ಬೋರ್ಡಿನ ಮೇಲೆ ದೊಡ್ಡದಾಗಿ ‘ನಾನಾ ದೇಶದ ಪುಣ್ಯಾತ್ಮರು’. ಕೆಳಗೆ ಸಣ್ಣ ಅಕ್ಷರದಲ್ಲಿ ‘ತಮ್ಮ ಜೀವ ಪಣಕ್ಕಿಟ್ಟು, ಏನನ್ನೂ ಬಯಸದೆ, ಯಹೂದಿಗಳನ್ನು ಉಳಿಸಿದವರು’. ಅಷ್ಟು ಸಾಕು. ಒಂದು ಎಚ್ಚರಿಕೆ. ಪ್ರಿಂಟಿಂಗ್ ಅಂಗಡಿಯಲ್ಲಿ ಯೂನಿಕೋಡ್‌ನಿಂದ ‘ನುಡಿ’ ಫಾಂಟಿಗೆ ಬದಲಿಸುವಾಗ ‘ತ್ಮ’ದ ಒತ್ತು ಒಡೆದುಹೋಗಬಹುದು. ಪ್ರೂಫ್ ತೆಗೆಸಿ ಫೋಟೋ ಕಳಿಸಿ, ಶುಕ್ರವಾರ ರಾತ್ರಿಯಾದರೂ ಪರವಾಗಿಲ್ಲ, ನೋಡಿ ಹೇಳುತ್ತೇನೆ.