ಕಿತ್ತಳೆ ಮಾರ್ಮಲೇಡ್ ಗಟ್ಟಿಯಾಗಲೇ ಇಲ್ಲ!

ಪ್ರಶ್ನೆ: ಮಾರ್ಮಲೇಡ್ (ಸಿಪ್ಪೆ ಸಮೇತ ಮಾಡುವ ಕಿತ್ತಳೆ ಜಾಮ್) ಮೊದಲ ಸಲ ಮಾಡಿದೆ. 1 ಕಿಲೋ ಹಣ್ಣು, 1 ಕಿಲೋ ಸಕ್ಕರೆ. ಬೀಜ ಒಂದೊಂದಾಗಿ ಆರಿಸಿ ಕಸಕ್ಕೆ ಹಾಕಿದೆ. ಈಗ ರಸ ನೀರು ನೀರು, ಸಿಪ್ಪೆ ಚಪ್ಪಲಿಯ ಹಾಗೆ. ಎಲ್ಲಿ ತಪ್ಪಿದೆ?

ಉತ್ತರ 1: ಬೀಜ ಎಸೆದಿರಲ್ಲ, ಅಲ್ಲೇ! ಗಟ್ಟಿ ಮಾಡುವ ಪೆಕ್ಟಿನ್ ಜಾಸ್ತಿ ಇರುವುದು ಬೀಜ, ಸಿಪ್ಪೆಯ ಬಿಳಿ ಭಾಗದಲ್ಲಿ. ಬಟ್ಟೆಯಲ್ಲಿ ಕಟ್ಟಿ ಸಿಪ್ಪೆ ಜೊತೆ ಬೇಯಿಸಿ ಹಿಂಡಬೇಕು.

ಉತ್ತರ 2: ಸಕ್ಕರೆ ಮೊದಲೇ ಹಾಕಿದಿರಾ? ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮೆತ್ತಗಾಗುವುದಿಲ್ಲ.

ಪ್ರಶ್ನೆ ಕೇಳಿದವಳು: ಹೌದು, ಎಲ್ಲ ಒಟ್ಟಿಗೇ ಸುರಿದೆ. ಎಸೆಯಲೇ?

ಉತ್ತರ 1: ಬೇಡ. ನಿಂಬೆರಸ ಹಿಂಡಿ 104–105 ಡಿಗ್ರಿ ಸೆಲ್ಸಿಯಸ್‌ವರೆಗೆ ಮತ್ತೆ ಕುದಿಸಿ. ಫ್ರೀಜರ್‌ನಲ್ಲಿಟ್ಟ ತಟ್ಟೆಗೆ ಒಂದು ಹನಿ ಹಾಕಿ, ಆರಿದ ಮೇಲೆ ಬೆರಳಿಂದ ತಳ್ಳಿ. ಸುಕ್ಕುಗಟ್ಟಿದರೆ ಆಯ್ತು. ಸಿಪ್ಪೆ ಮಾತ್ರ, ಈ ಸಲ ಜಗಿಯಲೇಬೇಕು.