ಫಿಕ್ಸೆಡ್ ಗೇರ್ ಸೈಕಲ್ಲಿಗೆ ಯಾವ ಫ್ರೇಮ್‌ಸೆಟ್ ತಗೊಳ್ಳಲಿ?

ಜಯನಗರ_ಪೆಡಲ್:
ನಮಸ್ಕಾರ. ಹೈಬ್ರಿಡ್ ಓಡಿಸಿ ಸಾಕಾಗಿದೆ, ಒಂದು ಫಿಕ್ಸೆಡ್ ಗೇರ್ ಸೈಕಲ್ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲೂ ತಿರುಗುವಂಥದ್ದು) ಕಟ್ಟಿಸಬೇಕು ಅಂತಿದ್ದೇನೆ. ಚಕ್ರ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಎಲ್ಲ ಆಮೇಲೆ, ಮೊದಲು ಫ್ರೇಮು ಮತ್ತು ಫೋರ್ಕು. ಮೂರು ಕಣ್ಣಿಗೆ ಬಿದ್ದಿವೆ. ಒಂದು ಸರ್ಲಿ ಸ್ಟೀಮ್‌ರೋಲರ್, ಬೆಂಗಳೂರಲ್ಲೇ ಒಬ್ಬರು ಮಾರುತ್ತಿದ್ದಾರೆ, ಪೇಂಟ್ ಅಲ್ಲಲ್ಲಿ ಎದ್ದಿದೆ. ಇನ್ನೊಂದು ಡೋಲನ್ ಪ್ರಿ ಕರ್ಸಾ, ಹೊಸದು, ಹೊರದೇಶದಿಂದ ತರಿಸಬೇಕು. ಮೂರನೆಯದು ಜಪಾನಿನ ಕೈರಿನ್ ಅನ್ನೋ ಸೈಕಲ್ ಪಂದ್ಯದ ಹಳೆ ಫ್ರೇಮ್, ಅಲ್ಲಿನ ಎನ್‌ಜೆಎಸ್ ಒಪ್ಪಿಗೆಯ ಮುದ್ರೆ ಇದೆ. ನಿಜ ಹೇಳಬೇಕಂದ್ರೆ ಮನಸ್ಸು ಇದರ ಮೇಲೇ. ನನ್ನ ಎತ್ತರ 5 ಅಡಿ 8 ಇಂಚು. ಓಡಿಸುವುದು ಊರೊಳಗೆ, ಆದರೆ ಮುಂದೆ ಯಾವಾಗಾದ್ರೂ ವೆಲೊಡ್ರೋಮಲ್ಲೂ (ಸೈಕಲ್ ರೇಸಿನ ಟ್ರ್ಯಾಕು) ಓಡಿಸುವ ಆಸೆ ಇದೆ. ಯಾವುದು ಬೆಸ್ಟು?

ಚೈನ್_ಎಣ್ಣೆ:
ಊರೊಳಗೆ ಅಂದಮೇಲೆ ಸ್ಟೀಮ್‌ರೋಲರ್, ಕಣ್ಣು ಮುಚ್ಚಿ. ಪೇಂಟ್ ಹೋದರೆ ಹೋಗಲಿ ಬಿಡಿ. ಅದು ಕ್ರೋಮೋಲಿ ಸ್ಟೀಲು, ಮುಂದೆ ಹಿಂದೆ ಎರಡೂ ಕಡೆ ಬ್ರೇಕ್ ಹಾಕಲು ತೂತು ಇದೆ, 38 ಮಿಮೀ ಟೈರ್ ತನಕ ಹಿಡಿಸುತ್ತದೆ. ನಮ್ಮ ರಸ್ತೆಗೆ 23ರ ಟೈರ್ ಹಾಕಿ ಒಂದು ವಾರ ಓಡಿಸಿ ನೋಡಿ, ಸೊಂಟವೇ ಹೇಳುತ್ತದೆ. ಜನ ಬರೀ ತೂಕ, ಬ್ರ್ಯಾಂಡು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಮೊದಲು ನೋಡುವುದು ಬ್ರೇಕ್ ತೂತು, ಆಮೇಲೆ ಟೈರಿಗೆ ಜಾಗ, ಆಮೇಲೆ ಹಿಂದಿನ ಡ್ರಾಪ್‌ಔಟ್, ಅಂದ್ರೆ ಚಕ್ರದ ಆಕ್ಸಲ್ ಕೂರುವ ಸಂದು. ಈ ಡ್ರಾಪ್‌ಔಟ್ ನಮ್ಮ ಹಳೆ ಅಟ್ಲಾಸ್, ಹೀರೋ ಸೈಕಲ್ಲಿನ ಹಾಗೆ ಹಿಂದಕ್ಕೆ ಬಾಯಿ ತೆರೆದಿರಬೇಕು. ಚಕ್ರವನ್ನು ಹಿಂದಕ್ಕೆ ಎಳೆದರೆ ಚೈನ್ ಬಿಗಿ, ಮುಂದಕ್ಕೆ ತಳ್ಳಿದರೆ ಸಡಿಲ. ಕೆಳಕ್ಕೆ ಬಾಯಿ ಇರುವ ಗೇರ್ ಸೈಕಲ್ ಫ್ರೇಮಲ್ಲಿ ಇದು ಆಗಲ್ಲ. ಹಿಂದಿನ ಹಬ್ಬಿಗೆ (ಚಕ್ರದ ನಡುವಿನ ಭಾಗ) 120 ಮಿಮೀ ಜಾಗ ಇದೆಯಾ ಅಂತಲೂ ಅಳೆಯಿರಿ, ಟ್ರ್ಯಾಕ್ ಹಬ್ಬುಗಳು ಸಾಮಾನ್ಯವಾಗಿ ಅದೇ ಅಳತೆ.

ನಗೋಯಾ_ಕನ್ನಡಿಗ:
ಕೈರಿನ್ ಫ್ರೇಮ್ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಕಣ್ಣೆದುರಿಗೇ ನೋಡುತ್ತೇನಲ್ಲ. ಕೈರಿನ್ ಶುರುವಾಗಿದ್ದು 1948ರಲ್ಲಿ, ಕೊಕುರಾದಲ್ಲಿ, ಅದೂ ಜನ ದುಡ್ಡು ಕಟ್ಟುವ ಪಂದ್ಯವಾಗಿ. ಬಾಜಿ ಇದ್ದಮೇಲೆ ಸೈಕಲ್ಲಿಂದ ಯಾರಿಗೂ ಲಾಭ ಆಗಬಾರದು, ಅದಕ್ಕೇ ಫ್ರೇಮಿಂದ ಹಿಡಿದು ಬಿಡಿಭಾಗಗಳ ತನಕ ಎನ್‌ಜೆಎಸ್ ಒಪ್ಪಿಗೆ ಬೇಕು. ಅಂದರೆ ಆ ಸ್ಟೀಲ್ ಫ್ರೇಮು ಜಗತ್ತಿನಲ್ಲೇ ಫಾಸ್ಟು ಅಂತ ಅರ್ಥ ಅಲ್ಲ. ಎಲ್ಲರದ್ದೂ ಒಂದೇ ಥರ ಇರಲಿ ಅಂತ ಮಾಡಿದ ನಿಯಮ ಅಷ್ಟೇ.

ನಾಗಸಾವಾ, ಕಲವಿಂಕಾ, ಮಾಕಿನೋ ಇವರ ಕೈಕೆಲಸ ನೋಡಿದರೆ ನನಗೂ ಬಾಯಲ್ಲಿ ನೀರು ಬರುತ್ತದೆ, ಸುಳ್ಳು ಹೇಳಲ್ಲ. ಆದರೆ ಒಂದು ತಿಳ್ಕೊಳ್ಳಿ, ಈ ಫ್ರೇಮುಗಳನ್ನು ಒಬ್ಬೊಬ್ಬ ಓಟಗಾರನ ಅಳತೆಗೆ ಕಟ್ಟಿರುತ್ತಾರೆ. ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) ನಿಮಗೆ ಸರಿಯಿದ್ದರೂ ಟಾಪ್ ಟ್ಯೂಬ್ (ಸೀಟಿಂದ ಹ್ಯಾಂಡಲ್ ಕಡೆಗಿನ ಮೇಲಿನ ಕೊಳವೆ) ಉದ್ದವೋ ಗಿಡ್ಡವೋ ಆಗಬಹುದು. ಎರಡರ ಅಳತೆಯನ್ನೂ ಮಿಮೀ ಲೆಕ್ಕದಲ್ಲಿ ಕೇಳಿ, ಫೋಟೋ ನೋಡಿ ದುಡ್ಡು ಕಳಿಸಬೇಡಿ. ಟೈರಿಗೆ ಜಾಗ ತೀರಾ ಕಡಿಮೆ. ಫೋರ್ಕಿಗೆ ಸಾಮಾನ್ಯವಾಗಿ ಬ್ರೇಕ್ ತೂತೇ ಇರುವುದಿಲ್ಲ. ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) 1 ಇಂಚಿನ ಥ್ರೆಡ್ ಇರುವುದು, ಅದಕ್ಕೆ ಹ್ಯಾಂಡಲ್ ಹಿಡಿಯುವ ಹಳೆ ಮಾದರಿಯ ಕ್ವಿಲ್ ಸ್ಟೆಮ್ ಹುಡುಕಬೇಕು. ಗೋಡೆಗೆ ತೂಗುಹಾಕಲು ಅಂದ್ರೆ ತಗೊಳ್ಳಿ.

ಬಾಗಲಕೋಟೆ_ಸವಾರ:
ಎಲ್ಲರೂ ಸೇರಿ ಟ್ರ್ಯಾಕ್ ಫ್ರೇಮನ್ನೇ ಬೈಯ್ಯುತ್ತಿದ್ದೀರಿ, ಸ್ವಲ್ಪ ತಡೀರಿ. ಅಣ್ಣಾವ್ರು ವೆಲೊಡ್ರೋಮ್ ಅಂತಲೂ ಬರೆದಿದ್ದಾರಲ್ವಾ? ದೆಹಲಿಯ ಇಂದಿರಾ ಗಾಂಧಿ ವೆಲೊಡ್ರೋಮಿನಂಥ 250 ಮೀಟರಿನ ಟ್ರ್ಯಾಕಲ್ಲಿ ತಿರುವು 40 ಡಿಗ್ರಿಗಿಂತ ಜಾಸ್ತಿ ಓರೆ ಇರುತ್ತದೆ. ಫಿಕ್ಸೆಡ್ ಅಂದಮೇಲೆ ಪೆಡಲ್ ನಿಲ್ಲಿಸುವ ಹಾಗಿಲ್ಲ. ನಿಧಾನ ಹೋಗುವಾಗ ಹೊರಗಡೆಯ ಪೆಡಲ್ ಓರೆ ನೆಲಕ್ಕೆ ತಾಗಿದರೆ ಕಥೆ ಮುಗೀತು. ಅದಕ್ಕೇ ಟ್ರ್ಯಾಕ್ ಫ್ರೇಮಲ್ಲಿ ಬಾಟಮ್ ಬ್ರ್ಯಾಕೆಟ್ಟನ್ನು (ಕ್ರ್ಯಾಂಕ್ ತಿರುಗುವ ಜಾಗ) ರೋಡ್ ಸೈಕಲ್ಲಿಗಿಂತ ಮೇಲಿಟ್ಟಿರುತ್ತಾರೆ. ಪ್ರಿ ಕರ್ಸಾ ಅಲ್ಯೂಮಿನಿಯಂ, ಗಟ್ಟಿ. ನಿಂತು ತುಳಿದಾಗ ಹಾಕಿದ ಬಲ ಎಲ್ಲೂ ಸೋರದೆ ಚಕ್ರಕ್ಕೆ ಹೋದ ಹಾಗೆ ಅನಿಸುತ್ತದೆ. ಟ್ರ್ಯಾಕ್ ಕಲಿಯುವವರಿಗೆ ಅದು ಒಳ್ಳೆ ಫ್ರೇಮು.

ಆದರೆ ಅದೇ ಫ್ರೇಮನ್ನು ಸಿಗ್ನಲ್ಲಲ್ಲಿ ಓಡಿಸಿದರೆ ಇನ್ನೊಂದು ಕಿರಿಕಿರಿ. ಮುಂದಿನ ಚಕ್ರ ತೀರಾ ಹತ್ತಿರ ಇರುತ್ತದೆ, ನಿಧಾನವಾಗಿ ತಿರುಗಿಸುವಾಗ ಬೂಟಿನ ತುದಿ ಟೈರಿಗೆ ತಾಗುತ್ತದೆ. ಯಾವ ಫ್ರೇಮ್ ತಗೊಂಡರೂ 165 ಮಿಮೀ ಉದ್ದದ ಗಿಡ್ಡ ಕ್ರ್ಯಾಂಕ್ ಹಾಕಿ. ಸದ್ಯಕ್ಕೆ ನೀವು ಟ್ರ್ಯಾಕಿಗೆ ಹೋಗುವುದು ಗ್ಯಾರಂಟಿ ಇಲ್ಲದಿದ್ದರೆ ನನ್ನ ವೋಟೂ ಸ್ಟೀಮ್‌ರೋಲರಿಗೇ.

ಜಯನಗರ_ಪೆಡಲ್:
ಎಲ್ಲರಿಗೂ ಥ್ಯಾಂಕ್ಸ್. ಜಪಾನ್ ಆಸೆ ಬಿಟ್ಟೆ (ಸದ್ಯಕ್ಕೆ). ಆದರೆ ಬ್ರೇಕ್ ಯಾಕೆ ಅಷ್ಟು ಮುಖ್ಯ? ವಿಡಿಯೋಗಳಲ್ಲಿ ಕಾಲಲ್ಲೇ ಪೆಡಲ್ ತಡೆದು, ಹಿಂದಿನ ಚಕ್ರ ಸ್ಕಿಡ್ ಮಾಡಿ ನಿಲ್ಲಿಸುತ್ತಾರಲ್ಲ.

ಚೈನ್_ಎಣ್ಣೆ:
ವಿಡಿಯೋದವರಿಗೆ ಎದುರಿಗೆ ಬಿಎಂಟಿಸಿ ಬಸ್ ಬಂದಿರಲ್ಲ ಸ್ವಾಮಿ. ಬ್ರೇಕ್ ಹಿಡಿದಾಗ ಭಾರ ಎಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತವೇ ಕಡಿಮೆ, ಸುಮ್ನೆ ಜಾರುತ್ತಾ ಹೋಗುತ್ತದೆ. ಮುಂದೆ ಒಂದಾದರೂ ಬ್ರೇಕ್ ಇರಲೇಬೇಕು, ಇದರಲ್ಲಿ ಚರ್ಚೆ ಇಲ್ಲ. ಸ್ಕಿಡ್ ಹುಚ್ಚು ಇದ್ದರೆ ಗೇರ್ ನೋಡಿ ಆರಿಸಿ. ಮುಂದೆ 48, ಹಿಂದೆ 16 ಹಲ್ಲು ಹಾಕಿದರೆ ಸರಿಯಾಗಿ ಮೂರು ಪಟ್ಟು, ಒಂದೇ ಕಾಲು ಮುಂದಿಟ್ಟು ಸ್ಕಿಡ್ ಮಾಡಿದಾಗೆಲ್ಲ ಟೈರಿನ ಅದೇ ಜಾಗ ಸವೆಯುತ್ತದೆ. 46ಕ್ಕೆ 17 ಹಾಕಿ, ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ. ಮೇಲಾಗಿ ಬಸವನಗುಡಿ ಏರಿಗೂ ಇದು ಹಗುರ.

ಮಾರುವವರ ಮನೆಗೆ ಹೋಗುವಾಗ ಒಂದು ದಾರ, ಒಂದು ಸ್ಕೇಲ್ ತಗೊಂಡು ಹೋಗಿ. ಹಿಂದಿನ ಒಂದು ಡ್ರಾಪ್‌ಔಟಿಗೆ ದಾರ ಕಟ್ಟಿ, ಮುಂದೆ ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಕೊಳವೆ) ಸುತ್ತಿಸಿ, ಇನ್ನೊಂದು ಡ್ರಾಪ್‌ಔಟಿಗೆ ಎಳೆದು ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಕಡೆ ಒಂದೇ ದೂರ ಇರಬೇಕು. ಒಂದೆರಡು ಮಿಮೀಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಫ್ರೇಮ್ ಎಲ್ಲೋ ಬಾಗಿದೆ. ಡೌನ್ ಟ್ಯೂಬಿನ (ಹೆಡ್ ಟ್ಯೂಬಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಕೆಳಗೆ, ಹೆಡ್ ಟ್ಯೂಬ್ ಸೇರುವಲ್ಲಿ ಬೆರಳಾಡಿಸಿ. ಅಲ್ಲಿ ಪೇಂಟ್ ಸುಕ್ಕುಗಟ್ಟಿದ್ದರೆ ಎದುರಿಂದ ಗುದ್ದಿಸಿದ್ದಾರೆ ಅಂತ ಅರ್ಥ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಜಯನಗರ_ಪೆಡಲ್:
ಸರಿ, ಭಾನುವಾರ ದಾರ ಹಿಡ್ಕೊಂಡು ಹೋಗುತ್ತೇನೆ. ಸುಕ್ಕು ಕಂಡರೆ ಫೋಟೋ ಹಾಕುತ್ತೇನೆ, ನೋಡಿ ಹೇಳಿ.