ಸಹಾಯ ಬೇಕು: ಈ ಹಳೇ ಮಾಜ್ದಾ ಎಂಎಕ್ಸ್-5 ತೆಗೆದುಕೊಳ್ಳಲಾ?

ಎಲ್ಲರಿಗೂ ನಮಸ್ಕಾರ. 2003ರ ಎಂಎಕ್ಸ್-5 ಒಂದನ್ನು ನೋಡಿ ಬಂದಿದ್ದೇನೆ, ಬಟ್ಟೆ ಟಾಪ್ ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 1.8 ಲೀಟರ್ ಎಂಜಿನ್. ಗೇರ್ ಹಾಕಿದರೆ ಟಕ್ ಅಂತ ಕೂರುತ್ತದೆ, ಆಹಾ!

ಆದರೆ ಸೀಟಿನ ಹಿಂದೆ, ಬಟ್ಟೆ ಟಾಪಿನ ನೀರು ಇಳಿಯುವ ತೂತಿಗೆ ಬೆರಳು ಹಾಕಿದರೆ ಕೊಳೆತ ಎಲೆ ಬಂತು. ಹಿಂದಿನವರು ಒಮ್ಮೆಯೂ ಕ್ಲೀನ್ ಮಾಡಿಲ್ಲ. ಅಲ್ಲಿ ನಿಂತ ನೀರು ಬಾಗಿಲ ಕೆಳಗಿನ ಸಿಲ್‌ಗೆ ಇಳಿದು ಒಳಗಿಂದಲೇ ತುಕ್ಕು ಹಿಡಿಸುತ್ತದೆ ಅಲ್ವಾ? ಹಿಂದಿನ ಚಕ್ರದ ಮುಂಭಾಗದಲ್ಲಿ ಪೇಂಟ್ ಗುಳ್ಳೆ ಎದ್ದಿದೆ. ಒತ್ತಿದೆ, ಕರಕರ ಅಂತು. ಕತ್ತರಿಸಿ ವೆಲ್ಡ್ ಮಾಡಿಸಿದರೆ ಸಾಕಾ, ಕಾರನ್ನೇ ಕೈಬಿಡಲಾ?

ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲ. ಅದನ್ನು ಹೇಗೂ ವಾಟರ್ ಪಂಪ್ ಜೊತೆ ಹಾಕಿಸುತ್ತೇನೆ.

ಟರ್ಬೊ ಹಾಕು ಅಂತ ಗೆಳೆಯ ತಲೆ ತಿನ್ನುತ್ತಿದ್ದಾನೆ. ನನಗೆ ಬೇಡ. ಸುಮ್ನೆ ಸದ್ದು ಮಾಡುವ ಎಕ್ಸಾಸ್ಟೂ ಬೇಡ. ಒಳ್ಳೆ ಟೈರು, ಬ್ರೇಕ್ ಪ್ಯಾಡು, ಸಸ್ಪೆನ್ಶನ್ ಕೀಲುಗಳಿಗೆ ಹೊಸ ರಬ್ಬರ್ ಬುಶ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದರೆ ಅರ್ಧ ಗೆದ್ದಂತೆ ಅಂತ ನನ್ನ ಲೆಕ್ಕ. ತಲೆ ಕೆಟ್ಟಿರುವುದು ಸಸ್ಪೆನ್ಶನ್ ವಿಷಯದಲ್ಲಿ. ಕಾಯಿಲೋವರ್ (ಸ್ಪ್ರಿಂಗ್, ಡ್ಯಾಂಪರ್ ಒಟ್ಟಿಗೆ ಬರುವ, ಎತ್ತರ ಹೊಂದಿಸಬಹುದಾದ ಸೆಟ್) ಹಾಕಿಸಲಾ, ಇಲ್ಲ ಕಂಪನಿ ಸ್ಪ್ರಿಂಗ್ ಹಾಗೇ ಇಟ್ಟು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮಾತ್ರ ಬದಲಿಸಲಾ? ದಿನಾ ಓಡಿಸುವ ಕಾರು, ಬೆನ್ನೂ ಉಳಿಯಬೇಕು.

ಎರಡೂ ಓಡಿಸಿ ನೋಡಿದವರು ಹೇಳಿ. ಭಾನುವಾರದೊಳಗೆ ಮಾರುವವರಿಗೆ ಉತ್ತರ ಕೊಡಬೇಕು.